ನಿಮಿಷದ ಗುಂಡಿ

ಮೀಟರು ಓದುವವನಿಗೆ ಎಲ್ಲ ಮನೆಗಳ ಮೆಟ್ಟಿಲಡಿಯ ಕತ್ತಲು ಗೊತ್ತು:
ಆಲೂಗಡ್ಡೆ ಮೂಟೆ, ಒಂಟಿ ಸ್ಕೀ, ತೀರಿಹೋದ ಮಾವನ ಸೈಕಲ್ಲು,
ಅವುಗಳ ನಡುವೆ ತಿರುಗುವ ಪುಟ್ಟ ತಗಡಿನ ಚಕ್ರ.
ಪ್ತುಯ್ ಊರಿನಲ್ಲಿ, ದ್ರಾವಾ ನದಿಯ ಈ ದಂಡೆಯಲ್ಲಿ,
ಇಪ್ಪತ್ತಾರು ವರ್ಷದಿಂದ ನನಗಿದೇ ಕೆಲಸ.
ಬಿಲ್ಲು ಯಾಕಿಷ್ಟು ಎಂಬುದರ ಹೊರತು
ಯಾರೂ ನನ್ನನ್ನು ಏನೂ ಕೇಳಿದವರಲ್ಲ.

ಆ ಮಾರ್ಚಿನಲ್ಲಿ ಜ್ಡೆಂಕಾ ಬಾಗಿಲಲ್ಲೇ ತಡೆದಳು,
ಕೈಯಲ್ಲಿ ಹಿಟ್ಟು, ಮುಖದಲ್ಲಿ ತಪ್ಪಿಹೋದ ಬಸ್ಸು.
"ನನ್ನ ಆರು ನಿಮಿಷ ಎಲ್ಲಿ?"

ಚರ್ಚಿನ ಗಂಟೆ ಎಂಟು ಹೊಡೆದು ಮುಗಿಸಿತ್ತು.
ಒಲೆಯ ಹಣೆಯ ಹಸಿರು ಅಂಕಿಗಳು
ಏಳು ಐವತ್ತನಾಲ್ಕು ಅನ್ನುತ್ತಿದ್ದವು, ಚೂರೂ ನಾಚದೆ.

ಹೇಗೆ ಹೇಳಲಿ?
ಗೋಡೆಯ ತೂತಿನಲ್ಲಿ ಕರೆಂಟು ನಿಂತಿರುವುದಿಲ್ಲ ತಾಯಿ,
ಸೆಕೆಂಡಿಗೆ ಐವತ್ತು ಸಲ ಹೋಗಿ ಬರುತ್ತದೆ.
ಲಿಸ್ಬನ್ನಿನ ಒಲೆಗೂ ನಿನ್ನ ಒಲೆಗೂ ಒಂದೇ ಉಸಿರು.
ನಿನ್ನ ಗಡಿಯಾರ ಸೂರ್ಯನನ್ನು ಕಂಡದ್ದಿಲ್ಲ,
ಆ ಹೋಗಿಬರುವುದನ್ನು ಎಣಿಸುತ್ತ ಕೂತಿದೆ:
ಐವತ್ತಾದರೆ ಒಂದು ಸೆಕೆಂಡು.
ಜನವರಿಯಿಂದ ಐವತ್ತಕ್ಕೆ ಕೂದಲೆಳೆಯಷ್ಟು ಕಮ್ಮಿ.
ದಕ್ಷಿಣದಲ್ಲಿ ಎರಡು ಸರ್ಕಾರಗಳಿಗೆ ಜಗಳ,
ಬಳಸಿದ ಕರೆಂಟಿನ ಲೆಕ್ಕ ಯಾರದೆಂದು.
ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗೆ
ದಿನಕ್ಕೆ ಏಳು ಸೆಕೆಂಡು, ಏಳು ಸೆಕೆಂಡು,
ಇಪ್ಪತ್ತೈದು ದೇಶಗಳ ಒಲೆಗಳು ಸೊರಗಿವೆ.

"ಐವತ್ತು ಅಂತ ಇಟ್ಟವರು ಯಾರು?"
ಗೊತ್ತಿಲ್ಲ. ಕಡಲಾಚೆ ಅರವತ್ತಂತೆ.
"ಮತ್ತೆ ಇದು?" ಇಸ್ತ್ರಿಪೆಟ್ಟಿಗೆಯ ಬೆನ್ನು ತಿರುಗಿಸಿದಳು:
ಇನ್ನೂರಿಪ್ಪತ್ತು ವೋಲ್ಟ್, ಅಚ್ಚು ಅರ್ಧ ಸವೆದಿತ್ತು.
ಈಗ ನಾವು ಇನ್ನೂರ ಮೂವತ್ತು ಅನ್ನುತ್ತೇವೆ.
ಇಂಗ್ಲಿಷರ ಇನ್ನೂರ ನಲವತ್ತು ಇಳಿಯಿತು, ನಮ್ಮದು ಏರಿತು,
ಕಾಗದದ ಮೇಲೆ ನಡುದಾರಿಯ ರಾಜಿ.
ತಂತಿಗೆ ಯಾರೂ ತಿಳಿಸಲಿಲ್ಲ.
ಜ್ಡೆಂಕಾ ನಕ್ಕಳು.
"ದೇಶದ ಹೆಸರು ಬದಲಾದ ದಿನವೂ ಹಾಗೇ,
ನಾನು ಹಿಟ್ಟು ನಾದುತ್ತಿದ್ದೆ."

ಕೆಳಮನೆಯ ಬೊಗೊಮಿಲ್, ಒಂದು ಕಾಲದ ಸ್ಟೇಷನ್ ಮಾಸ್ಟರ್,
ಅಂದೇ ತನ್ನ ಒಲೆಯನ್ನು ಸರಿಮಾಡಿಕೊಂಡ,
ಕರೆಯದೆ ಹೋಗಿ ಓಣಿಯ ಒಲೆಗಳನ್ನೆಲ್ಲ ಸರಿಮಾಡಿದ.
ಜ್ಡೆಂಕಾಳ ಒಲೆಗೆ ಗಂಟೆಯ ಗುಂಡಿಯಿದೆ,
ನಿಮಿಷದ್ದು ಎಂದೋ ಕಳಚಿ ಎಲ್ಲೋ ಬಿದ್ದಿದೆ.
ಆ ತೂತಿಗೆ ಹೆಣಿಗೆ ಕಡ್ಡಿ ಚುಚ್ಚಿ ನೋಡಿದ, ಬೈದ, ಹೋದ.
ಬೇಸಿಗೆ ಸಮಯ ಶುರುವಾದ ಭಾನುವಾರ
ಅವಳು ಒಂದು ಗಂಟೆ ಮುಂದೆ ಒತ್ತಿದಳು,
ನಿಮಿಷಗಳನ್ನು ಅವುಗಳ ಪಾಡಿಗೆ ಬಿಟ್ಟಳು,
ಮನಸ್ಸಿನಲ್ಲೇ ಕೂಡಿಸಿಕೊಂಡು ಬಸ್ಸು ಹಿಡಿದಳು.

ಅಷ್ಟರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಕೋಣೆಯಿಂದ
ಐವತ್ತಕ್ಕೆ ಕೂದಲೆಳೆಯಷ್ಟು ಜಾಸ್ತಿ ಇಡಿರೆಂದು ಹೇಳಿಕಳಿಸಿದ್ದರು.
ಕದ್ದದ್ದನ್ನು ಕದ್ದ ಹಾಗೆಯೇ,
ಸೆಕೆಂಡು ಸೆಕೆಂಡಾಗಿ, ಬಾಗಿಲು ತಟ್ಟದೆ,
ಮನೆಮನೆಗೆ ಹಿಂದಕ್ಕೆ ತಂದಿಟ್ಟರು.

ಏಪ್ರಿಲಿನಲ್ಲಿ ಮತ್ತೆ ಆ ಓಣಿಗೆ ಹೋದೆ.
ಬಸ್ ಸ್ಟಾಪಿನಲ್ಲಿ ಬೊಗೊಮಿಲ್, ಜೊತೆಗೆ ಅರ್ಧ ಓಣಿ,
ತಾವೇ ಸರಿಮಾಡಿದ ಒಲೆಗಳನ್ನು ನಂಬಿ ಬಂದವರು,
ಬಾರದ ಬಸ್ಸಿಗೆ ಶಾಪ ಹಾಕುತ್ತ, ಚಳಿಗೆ ಕಾಲು ಕುಟ್ಟುತ್ತ.
ಮೇಲೆ ಜ್ಡೆಂಕಾ ಇನ್ನೂ ಕಾಫಿ ಕುಡಿಯುತ್ತಿದ್ದಳು.
ಚರ್ಚು ಎಂಟು ಹೊಡೆಯಿತು. ಒಲೆಯಲ್ಲೂ ಎಂಟು.

ಮೀಟರಿಗೆ ಬಿಟ್ಟ ಟಾರ್ಚಿನ ಬೆಳಕು ಒಮ್ಮೆ ಒಲೆಯ ಹಿಂದೆ ಹಾಯ್ದಾಗ
ಧೂಳಿನಲ್ಲಿ ಕಂಡಿತು, ನಿಮಿಷದ ಗುಂಡಿ.
ಹೇಳಲಿಲ್ಲ.
ಅಂಕಿಗಳನ್ನು ಬರೆದುಕೊಂಡು ಚೀಟಿ ಕೊಟ್ಟೆ.
ಕನ್ನಡಕ ಏರಿಸಿ ಎರಡು ಸಲ ಓದಿದಳು.
"ಆ ಆರು ನಿಮಿಷಕ್ಕೂ ಬಿಲ್ಲು ಹಾಕಿದ್ದೀಯಾ?"