ಇವತ್ತ ಏನು ತಿಳೀಲಿಲ್ಲ?

ಬ್ಯಾಡಗಿಯಲ್ಲಿ ಸಂಜೆ ಬರುವುದೇ ಸೀನಿನ ಜೊತೆ.
ಮೊದಲು ಖಾರದ ಘಾಟು, ಆಮೇಲೆ ಅವ್ವ:
ಸೆರಗಿನ ತುಂಬ ಕೆಂಪು ಧೂಳು,
ಉಗುರಿನ ಸಂದಿಯಲ್ಲಿ
ದಿನವಿಡೀ ತುಂಬು ಬಿಡಿಸಿದ ಮೆಣಸಿನಕಾಯಿ.

ಎರಡು ಕೊಡ ನೀರು ಸುರಿದುಕೊಂಡರೂ
ಆ ಕೈ ನನ್ನ ಕೆನ್ನೆ ಮುಟ್ಟುತ್ತಿರಲಿಲ್ಲ.
ಮೊಣಕೈಯಿಂದ ಪಾಟಿಚೀಲ ಸರಿಸಿ, ಕೂತು,
ಒಂದೇ ಮಾತು ಕೇಳುತ್ತಿದ್ದಳು:
"ಇವತ್ತ ಏನು ತಿಳೀಲಿಲ್ಲ?"

ಓಣಿಯ ಉಳಿದ ಮನೆಗಳಲ್ಲಿ ಬೇರೆ ಕೇಳುತ್ತಿದ್ದರು.
ಎಷ್ಟು ಬಿತ್ತು, ಯಾರಿಗೆ ಹೆಚ್ಚು ಬಿತ್ತು.
ಗುತ್ತೆವ್ವನ ಮಗನಿಗೆ
ಉತ್ತರ ಮುಗಿಯುವ ಮೊದಲೇ ಬೆನ್ನಿಗೊಂದು.
ನನ್ನವ್ವನಿಗೆ ಅಕ್ಷರ ಬರದು.
"ತಿಳಿದದ್ದು ಹೇಳಿದ್ರ ನನಗೇನು ತಿಳೀತೈತಿ?
ತಿಳೀಲಾರದ್ದು ಹೇಳು. ಅದು ಇಬ್ಬರಿಗೂ ಒಂದ."

ಹೇಳಿದ್ದನ್ನು ಬೆಳಿಗ್ಗೆ ಎಲಿಅಡಿಕಿ ಸಂಚಿಯಲ್ಲಿ
ಮಡಚಿ ಇಟ್ಟುಕೊಂಡವಳಂತೆ ಪ್ಯಾಟಿಗೆ ಒಯ್ಯುತ್ತಿದ್ದಳು.
ಸೊನ್ನೆಯಿಂದ ಯಾಕೆ ಭಾಗಿಸಬಾರದು?
ತೂಕದವನು ಕಾಟಾ ನಿಲ್ಲಿಸಿ ಯೋಚಿಸಿದ.
ಹಮಾಲ ಮೌಲಾಲಿ ಬೆನ್ನ ಮೇಲಿನ ಚೀಲ ಇಳಿಸದೆಯೇ ಅಂದನಂತೆ:
"ಹತ್ತು ಚೀಲ ಅದಾವು, ಹಮಾಲರು ಒಬ್ಬರೂ ಇಲ್ಲ.
ತಲೀಗೆ ಎಷ್ಟು ಅಂತ ಯಾವ ತಲೀಗೆ ಕೇಳ್ತಿ?"
ಗಣಿತದ ಮಾಸ್ತರಿಗೆ ಅದನ್ನು ಹೇಳಿದೆ.
ಅವರು ನಕ್ಕು, ಬೋರ್ಡಿನ ಕಡೆ ತಿರುಗಿ,
ಸ್ವಲ್ಪ ಹೊತ್ತು ಸುಮ್ಮನೆ ನಿಂತರು.

ಒಂದು ಸಲ ಮಾತ್ರ ಅವ್ವ ಬರಿಗೈಲಿ ಬಂದಳು.
ಋಣವನ್ನು ಋಣದಿಂದ ಗುಣಿಸಿದರೆ ಧನ. ಯಾಕೆ?
ದಲಾಲಿ ಅಂಗಡಿಯ ಗುಮಾಸ್ತ ಕನ್ನಡಕ ಒರೆಸಿ,
"ಸಾಲಕ್ಕ ಸಾಲ ಕೂಡಿ ಗಳಿಕಿ ಆಗೂದಾಗಿದ್ರ
ನಾ ಈ ಗಾದಿ ಮ್ಯಾಲ ಯಾಕ ಕೂಡ್ತಿದ್ದೆ, ಫಕ್ಕೀರವ್ವಾ?"
"ಯಾರಿಗೂ ಗೊತ್ತಿಲ್ಲವ್ವಾ," ಅಂದಳು.
"ನೀನ ಹುಡುಕು. ನಾಳಿ ಬುತ್ತಿ ಹೊತ್ತಿಗೆ
ಎಲ್ಲಾರೂ ಕಾಯ್ತೀವಿ ಅಂದಾರ."

ಯಾವ ಪರೀಕ್ಷೆಗೂ ನಾನು ಅಷ್ಟು ಹೆದರಿರಲಿಲ್ಲ.
ಹದಿನಾಲ್ಕು ಹೆಂಗಸರು, ಒಬ್ಬ ಗುಮಾಸ್ತ, ಬೆವರಿದ ಮೌಲಾಲಿ
ಬುತ್ತಿಗಂಟು ಬಿಚ್ಚದೆ ಕೂತಿರುವುದು ಕಣ್ಣಿಗೆ ಕಟ್ಟಿತು.
ಮಾಸ್ತರ ಮನೆ ಬಾಗಿಲು ಬಡಿದೆ. ಊಟಕ್ಕೆ ಕೂತಿದ್ದವರು
ಎಡಗೈಲಿ ನಿಯಮ ಬರೆದು ತೋರಿಸಿದರು.
"ನಿಯಮ ಗುಮಾಸ್ತರು ಒಪ್ಪಂಗಿಲ್ರೀ ಸರ್," ಅಂದೆ.
ಅವರ ಅನ್ನ ಆರಿತು.

ಶನಿವಾರ. ಶಾಲೆ ಬಿಟ್ಟವಳೇ ಓಡಿದೆ.
ಗೋಣಿತಾಟಿನ ಮೇಲೆ ತುಂಬು ಸಾಲು ಹಚ್ಚಿ ಹೇಳಿದೆ:
ಮುಂಗಡ ತೀರಲೆಂದು ಸಾವಕಾರ
ವಾರಕ್ಕೆ ಹತ್ತು ರೂಪಾಯಿ ಮುರಕೊಳ್ಳುತ್ತಾನೆ.
ಮೂರು ವಾರ ಮುರಕೊಳ್ಳಲಿಲ್ಲ ಅನ್ನಿ.
ಕೈಗೆ ಎಷ್ಟು ಹೆಚ್ಚು ಬಂತು?
"ಮೂವತ್ತು!" ಎಂದು ಕೂಗಿದ್ದು ಗುತ್ತೆವ್ವ.
ಕೂಗಿ, ತಾನೇ ಬೆಚ್ಚಿ, ಬಾಯಿಗೆ ಸೆರಗು ಒತ್ತಿಕೊಂಡಳು.
ಖಾರದ ಸೆರಗು; ಬಹಳ ಹೊತ್ತು ಸೀನಿದಳು.
ಆ ಸಂಜೆ ಅವಳ ಮನೆಯಿಂದ ಏಟಿನ ಸದ್ದು ಕೇಳಲಿಲ್ಲ.
ಸೋಮವಾರ ಮತ್ತೆ ಕೇಳಿತು.

ಅವ್ವನದೇ ಒಂದು ಪ್ರಶ್ನೆ ಇತ್ತು.
"ನೀರು ಬೆಂಕಿ ಆರಿಸತೈತಿ. ಕೈ ಉರಿ ಯಾಕ ಆರಿಸಂಗಿಲ್ಲ?"
ಹಾವೇರಿಯ ಕಾಲೇಜು ಸೇರಿದ ವರ್ಷ ಉತ್ತರ ಸಿಕ್ಕಿತು.
ಬಸ್ಸಿಳಿದು ಓಡೋಡಿ ಬಂದೆ:
"ಖಾರ ನೀರಾಗ ಕರಗಂಗಿಲ್ಲವ್ವಾ, ಎಣ್ಣ್ಯಾಗ ಕರಗತೈತಿ.
ಎಣ್ಣಿ ಹಚ್ಚಬೇಕು!"
ಮಾಡದಲ್ಲಿದ್ದ ಕೊಬ್ಬರಿ ಎಣ್ಣೆಯ ಬಾಟಲಿಯತ್ತ ಕಣ್ಣು ಹಾಯಿಸಿದಳು.
"ಇಪ್ಪತ್ತು ವರ್ಷ ಆತು ಹಚ್ಚಾಕಹತ್ತಿ.
ಹಚ್ಚಬೇಕು ಅನ್ನೂದು ನನಗೂ ಗೊತ್ತು.
ಎಣ್ಣ್ಯಾಗ ಯಾಕ ಕರಗತೈತಿ, ನೀರಾಗ ಯಾಕ ಇಲ್ಲ?"

ನನಗೆ ತಿಳಿದಿರಲಿಲ್ಲ.
"ಈಗ ಬಂದಿ ನೋಡು ದಾರಿಗೆ," ಅಂದಳು ಅವ್ವ,
ಮೊಣಕೈಯಿಂದ ನನ್ನ ಚೀಲ ಸರಿಸಿ
ಪಕ್ಕದಲ್ಲಿ ಕೂತಳು.