ಒಂದೂವರೆ ಕಪ್ಪು

ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಹೊಸ ಕೆಫೆಯಲ್ಲಿ
ಲೋಟ ಬಟ್ಟಲು ಇಲ್ಲ.
ಮರದ ಹಲಗೆಯ ಮೇಲೆ ಕೂತು ಬರುತ್ತದೆ ಕಾಫಿ,
ಪಕ್ಕದಲ್ಲೊಂದು ಚೀಟಿ: ಯಾವ ತೋಟ, ಎಷ್ಟು ಎತ್ತರ,
ಕುಡಿದರೆ ಯಾವ ಹಣ್ಣು ನೆನಪಾಗಬೇಕು.
ನನಗೆ ನೆನಪಾದದ್ದು ಕ್ಯೂರಿಂಗಿನ ಧೂಳು.

ಅಪ್ಪ ಅಲ್ಲಿ ಬಟವಾಡೆ ಗುಮಾಸ್ತ.
ಶನಿವಾರ ಸೈರನ್ ಕೂಗಿದ ಮೇಲೆ
ಕಿಟಕಿಯಾಚೆ ಹೆಂಗಸರ ಸಾಲು,
ಈಚೆ ಅಪ್ಪ, ಮಸಿಯ ಪ್ಯಾಡು, ಚಿಲ್ಲರೆ ಡಬ್ಬಿ;
ಮೇಜಿನ ಕೆಳಗೆ ನಾನು, ಬಳಸಿ ಬಿಟ್ಟ ಕಾರ್ಬನ್ ಹಾಳೆಗಳ ಜೊತೆ.
ದೇವೀರಮ್ಮನ ಹೆಬ್ಬೆಟ್ಟು ಮಾತ್ರ ಮೂಡುತ್ತಿರಲಿಲ್ಲ.
ಹನ್ನೆರಡು ವರ್ಷ ಕಪ್ಪು ಕಾಳು ಹೆಕ್ಕಿ ಹೆಕ್ಕಿ
ಗೆರೆಗಳೇ ಸವೆದಿದ್ದವು.
"ಇನ್ನೊಂದ್ಸಲ ಒತ್ತಮ್ಮ" ಅನ್ನುತ್ತಿದ್ದ ಅಪ್ಪ.

ಅವಳಿಗೆ ದಿನಕ್ಕೆ ಹನ್ನೊಂದು ರೂಪಾಯಿ.
ಅಪ್ಪನಿಗೆ ಮೂವತ್ತಾರು ಬೀಳುತ್ತಿತ್ತು ಅನ್ನಿ.
ಹೋಟೆಲ್ ಕಾಫಿ ಒಂದೂವರೆ ರೂಪಾಯಿ:
ದೇವೀರಮ್ಮನ ಒಂದು ದಿನಕ್ಕೆ ಏಳು ಕಪ್ಪು,
ಮೇಲೆ ಎಂಟಾಣೆ ವಾಪಸು.

ಸತ್ಯಯುಗವೇನಲ್ಲ ಅದು.
ಸೀಮೆಎಣ್ಣೆಯ ಸಾಲಿನಲ್ಲಿ ಅಮ್ಮ
ದೇವೀರಮ್ಮನಿಂದ ಒಂದು ಗೇಣು ಬಿಟ್ಟೇ ನಿಲ್ಲುತ್ತಿದ್ದಳು.
ಆದರೂ ಸಾಲು ಒಂದೇ ಇತ್ತು.

ಈಗ ಆ ಕಣದಲ್ಲಿ ಕಣ್ಣಿರುವ ಯಂತ್ರ.
ಕಪ್ಪು ಕಾಳು ಕಂಡರೆ ಉಫ್ ಎಂದು ಊದಿ ಎಸೆಯುತ್ತದೆ.
ಲೆಕ್ಕಪತ್ರ ವಿಭಾಗದಲ್ಲಿ ಕೂತು ಪ್ರತಿ ಮಾರ್ಚಿಗೆ
ನಾನು ಅದರ ಸವಕಳಿ ಬರೆಯುತ್ತೇನೆ.
ದೇವೀರಮ್ಮನ ಹೆಬ್ಬೆರಳಿಗೆ
ಯಾರೂ ಬರೆದಿರಲಿಲ್ಲ.

ನನ್ನ ಸಂಬಳ ಎಂಬತ್ತು ಸಾವಿರ.
ತಿಂಗಳ ಇಪ್ಪತ್ತೆರಡಕ್ಕೆ "ನಾವೂ ಬಡವರೇ" ಅನ್ನುತ್ತಾರೆ ಇವರು,
ತಮಾಷೆಗಲ್ಲ.
ಜ್ಯೋತಿನಗರದ ಸೈಟಿನ ಕಂತು, ಕಾರಿನ ಕಂತು,
ಮಗಳ ಶಾಲೆಯವರು ಈ ವರ್ಷ ಶುರು ಮಾಡಿದ ಕುದುರೆ ಸವಾರಿ.
ಎದುರು ಮನೆಯವರು ಕಾರು ಬದಲಿಸಿದ ದಿನ
ನಮ್ಮದು ಒಂದೇ ರಾತ್ರಿಗೆ ಹಳತಾಯಿತು.
ಅಪ್ಪನ ಮನೆಯಲ್ಲಿ ಒಂದೇ ಫ್ಯಾನು;
ತಲೆ ತಿರುಗಿಸುತ್ತ ಎಲ್ಲರನ್ನೂ ಮಾತಾಡಿಸುತ್ತಿತ್ತು.
ಬೇಕು ಅಂದರೆ ಅದು ಬೇಡ ನನಗೆ. ಸುಳ್ಳು ಹೇಳಲಾರೆ.

ಯಜಮಾನರ ಅಂಕಿಗಳು ನನ್ನ ಪರದೆಗೆ ಬರುವುದಿಲ್ಲ.
ಅವನ್ನು ಎಣಿಸುವವರು ಬೇರೆ.

"ನೀವು ಬಟವಾಡೆ ಗುಮಾಸ್ತರ ಮಗಳಲ್ವಾ?"
ಕಪ್ಪಿಟ್ಟ ಹುಡುಗಿ ಕೇಳಿದಳು. ಸುಚಿತ.
ದೇವೀರಮ್ಮನ ಮೊಮ್ಮಗಳು. ಬಿ.ಕಾಂ.
ಅವಳ ಕೈಯಲ್ಲೂ ನನ್ನದೇ ಕಂಪನಿಯ ಫೋನು,
ಅವಳಿಗೂ ಕಂತು.
"ದಿನಕ್ಕೆ ಮುನ್ನೂರ ಮೂವತ್ತು. ರಜೆ ಹಾಕಿದ್ರೆ ಇಲ್ಲ."
ಈ ಕಾಫಿ ರುಚಿ ನೋಡಿದ್ದೀಯಾ, ಅಂದೆ.
"ಆರ್ಡರ್ ತಪ್ಪಾದ ದಿನ ಕುಡೀತೀವಿ, ಮ್ಯಾಮ್."
ನಕ್ಕಳು. ನಾನೂ ನಕ್ಕೆನೇನೋ.

ಅಪ್ಪನಿಂದ ಬಂದ ಚಟ:
ಬಿಲ್ಲಿನ ಬೆನ್ನಿಗೆ ಭಾಗಾಕಾರ ಹಾಕಿದೆ.
ಮುನ್ನೂರ ಮೂವತ್ತು, ಭಾಗಿಸು ಇನ್ನೂರಿಪ್ಪತ್ತು.
ಒಂದೂವರೆ ಕಪ್ಪು.
ಎಂಟಾಣೆಯೂ ಉಳಿಯಲಿಲ್ಲ.

ದುಡ್ಡು ಕಳಿಸಲು ಫೋನಿನ ಮೇಲೆ ಹೆಬ್ಬೆಟ್ಟಿಟ್ಟೆ.
ಕಪ್ಪಿನ ಬೆವರು ಬೆರಳಿಗೆ ಹತ್ತಿತ್ತೋ ಏನೋ,
ಅದು ನನ್ನನ್ನು ಗುರುತು ಹಿಡಿಯಲಿಲ್ಲ.
ಸುಚಿತ ಬಗ್ಗಿ ನೋಡಿದಳು, ತಾಳ್ಮೆಯಿಂದ:
"ಇನ್ನೊಂದ್ಸಲ ಒತ್ತಿ, ಮ್ಯಾಮ್."