ಅನ್ವಯಿಸುವುದಿಲ್ಲ

ಅರ್ಜಿ ಮೂರನೆಯ ಸಲ ಮರಳಿ ಬಂದಿದೆ.
ಅಂಚಿನ ತುಂಬ ಹಸಿರು ಶಾಯಿ. ನೀತಿ ಸಮಿತಿಯ ಕಾರ್ಯದರ್ಶಿ
ಸೆನ್ಯೋರಾ ಹಿಮೇನಾ ಕೆಂಪು ಬಳಸುವುದಿಲ್ಲವಂತೆ,
ಮಕ್ಕಳು ಹೆದರುತ್ತಾರೆ ಎಂದು.
ನನಗೀಗ ಮೂವತ್ತನಾಲ್ಕು.

ಕೊನ್ಸೆಪ್ಸಿಯೋನಿನಿಂದ ಲೋತಾಕ್ಕೆ ಬಸ್ಸಿನಲ್ಲಿ ಒಂದು ತಾಸು.
ಬಲಕ್ಕೆ ಕಡಲು. ಕಡಲಿನ ಅಡಿಗೆ ಸುರಂಗ.
ಅಲ್ಲಿ ಕಲ್ಲಿದ್ದಲು ಕಡಿದವರು ಈಗ
ಗುಡ್ಡದ ಮೇಲಿನ ಬೀದಿಗಳಲ್ಲಿ
ಬಿಸಿಲು ಸರಿದ ಕಡೆಗೆ ಕುರ್ಚಿ ಸರಿಸುತ್ತ ಕೂರುತ್ತಾರೆ.
ಅವರ ಎದೆಯ ಧೂಳಿನ ಬಗ್ಗೆ ವೈದ್ಯರು ಬರೆದಾಗಿದೆ.
ನನಗೆ ಬೇಕಾದದ್ದು ಅವರ ನಿದ್ದೆ:
ಗಣಿ ಮುಚ್ಚಿ ಇಷ್ಟು ವರ್ಷವಾದ ಮೇಲೂ
ಎಷ್ಟು ಗಂಟೆಗೆ ಎಚ್ಚರವಾಗುತ್ತದೆ, ಎದ್ದು ಏನು ಮಾಡುತ್ತೀರಿ.
ಅಷ್ಟೇ. ಸಣ್ಣ ಪ್ರಶ್ನೆ ಎಂದುಕೊಂಡಿದ್ದೆ.

ಪ್ರಶ್ನೆ ನಾಲ್ಕು: ಹೆಸರುಗಳನ್ನು ಹೇಗೆ ಮರೆಮಾಡುವಿರಿ?
ಒಬ್ಬೊಬ್ಬರಿಗೂ ಒಂದು ಸಂಖ್ಯೆ, ಎಂದು ಬರೆದಿದ್ದೆ.
ಸಮ್ಮತಿಪತ್ರದ ಕರಡು ತೋರಿಸಲು ಹೋದಾಗ
ದೋನ್ ಬೆಲಾರ್ಮಿನೋ ಕನ್ನಡಕವನ್ನು ಹಣೆಗೇರಿಸಿ ಒಳಗೆ ಹೋದರು,
ಹಿತ್ತಾಳೆಯ ಬಿಲ್ಲೆಯೊಂದನ್ನು ತಂದು ಮೇಜಿನ ಮೇಲಿಟ್ಟರು.
ನಾನೂರ ಹನ್ನೆರಡು.
“ಮೂವತ್ತೊಂದು ವರ್ಷ ನಾನು ಇದೇ.
ಸಂಜೆ ಬಿಲ್ಲೆ ಮೊಳೆಗೆ ಮರಳಿದರೆ ಬದುಕಿದ್ದಾನೆ.
ಮರಳದಿದ್ದರೆ ಯಾರಾದರೂ ಅವನ ಹೆಂಡತಿಯ ಬಾಗಿಲಿಗೆ ಹೋಗಬೇಕು.
ಮತ್ತೆ ಸಂಖ್ಯೆ ಕೊಡಬೇಡ ಮಗಳೇ.
ಪೂರಾ ಹೆಸರು ಬರಿ, ತಾಯಿಯ ಮನೆತನದ್ದೂ ಸೇರಿಸು:
ಬೆಲಾರ್ಮಿನೋ ಸಾನ್ವೇಸಾ ಕಿಲೋದ್ರಾನ್.”

ಸಮಿತಿಗೆ ಹಾಗೇ ಬರೆದೆ. ಹಸಿರು ಶಾಯಿ ಕೇಳಿತು:
ಅವರ ಹೆಸರಿನ ಬೆನ್ನಿಗೆ ಅವರು ಹೆಸರಿಸುವವರೂ
ಬಯಲಿಗೆ ಬರುತ್ತಾರಲ್ಲ, ಅವರನ್ನು ಕೇಳಿದ್ದೀರಾ?
ಸಿಟ್ಟು ಬಂತು. ಸಿಟ್ಟಿಳಿದ ಮೇಲೆ
ಮಾತು ಸುಳ್ಳಲ್ಲ ಅನ್ನಿಸಿ ಇನ್ನಷ್ಟು ಸಿಟ್ಟು ಬಂತು.

ಪ್ರಶ್ನೆ ಒಂಬತ್ತು: ಧ್ವನಿಯನ್ನು ಎಷ್ಟು ವರ್ಷ ಕಾಯ್ದಿಡುವಿರಿ?
ಐದು. ಬೀಗ? ಗುಪ್ತಪದ. ಆಮೇಲೆ? ಅಳಿಸಲಾಗುವುದು.

ಪ್ರಶ್ನೆ ಹನ್ನೊಂದು: ಮಾತಿನ ನಡುವೆ ಭಾಗವಹಿಸುವವರು
ತಳಮಳಗೊಂಡರೆ ಏನು ಮಾಡುವಿರಿ, ಯಾರನ್ನು ಕರೆಯುವಿರಿ?
ಅನ್ವಯಿಸುವುದಿಲ್ಲ.
ಮೂರು ಸಲವೂ ಇದನ್ನೇ ಬರೆದೆ.
ನಿದ್ದೆಯ ಬಗ್ಗೆ ಕೇಳಿದರೆ ಯಾರು ಅಳುತ್ತಾರೆ?

ಈಗ ಒಪ್ಪಿಕೊಳ್ಳಬೇಕಾದ ಮಾತೊಂದಿದೆ.
ಕಳೆದ ವಾರ ಬರೀ ಚಹಾಕ್ಕೆಂದು ಹೋಗಿದ್ದೆ.
ರೆಕಾರ್ಡರ್ ಚೀಲದಲ್ಲಿತ್ತು, ಬ್ಯಾಟರಿ ಕೂಡ ಹಾಕಿರಲಿಲ್ಲ.
ಅವರು ರೊಟ್ಟಿಗೆ ಬೆಣ್ಣೆ ಸವರುತ್ತಿದ್ದರು. ನಾನೇನೂ ಕೇಳಲಿಲ್ಲ.
ಅವರೇ, ಚಾಕುವಿನ ತುದಿ ನೋಡುತ್ತ,
ನಸುಕಿನ ಮೂರೂವರೆಗೆ ಎಚ್ಚರವಾಗುವುದು ಯಾಕೆಂದು ಹೇಳಿದರು.
ಅನುಮತಿಗೆ ಮೊದಲು ಕಿವಿಗೆ ಬಿದ್ದದ್ದು ದತ್ತಾಂಶವಲ್ಲ.
ಇಲ್ಲಿಯೂ ಬರೆಯುವುದಿಲ್ಲ.
ಅದರಲ್ಲಿ ಇನ್ನೊಬ್ಬನ ಹೆಸರಿದೆ.

ಚಾಕು ಕೈಜಾರಿತು. ಉಸಿರು ಅರ್ಧ ಹತ್ತಿ ನಿಂತುಬಿಟ್ಟಿತು.
ನಾನು ಎದ್ದೆ, ಕೂತೆ, ನೀರು ನೀರು ಅಂದೆ,
ಅಂದದ್ದು ಯಾರಿಗೋ.
ಪಕ್ಕದ ಮನೆಯ ಒರ್ತೆನ್ಸಿಯಾ ಬಾಗಿಲು ತಟ್ಟದೆ ಬಂದಳು.
ಅವರ ಬೆನ್ನಿಗೆ ಅಂಗೈಯಿಟ್ಟು ನಿಂತಳು ಸ್ವಲ್ಪ ಹೊತ್ತು,
ರೇಡಿಯೋ ಹಚ್ಚಿದಳು, ಬಿದ್ದ ಚಾಕು ತೊಳೆದಿಟ್ಟು ಹೋದಳು.
ಅದು ಅವಳಿಗೆ ಎಷ್ಟನೆಯ ಸಲವೋ.

ಇವತ್ತು ಹನ್ನೊಂದನ್ನು ತಿದ್ದುತ್ತಿದ್ದೇನೆ.
ಆರೋಗ್ಯ ಕೇಂದ್ರದ ನಂಬರು ಬರೆದೆ,
ಮನೋವೈದ್ಯೆಯ ಹೆಸರು, ಅವರು ಸಿಗುವ ಬುಧವಾರ.
ಒರ್ತೆನ್ಸಿಯಾಳನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?
ಅವಳ ಸಮ್ಮತಿಯೂ ಬೇಕಾದೀತು.

ಮುಂದಿನ ಸಭೆ ತಿಂಗಳ ಮೊದಲ ಗುರುವಾರ.
ಭಾನುವಾರ ದೋನ್ ಬೆಲಾರ್ಮಿನೋ ಅವರ ಫೋನು:
“ಏನಾಯಿತು, ನನಗೆ ಮಾತಾಡಲು ಅಪ್ಪಣೆ ಸಿಕ್ಕಿತೆ?”
ಅಪ್ಪಣೆ ನಿಮಗಲ್ಲ, ನನಗೆ. ಕೇಳುವುದಕ್ಕೆ.
ಆ ಕಡೆಯಿಂದ ತುಸು ಹೊತ್ತು ರೇಡಿಯೋ ಮಾತ್ರ.
“ಹಾಗೋ. ನಿಧಾನವಾಗಲಿ ಬಿಡು.
ಬರುವಾಗ ಬೆಣ್ಣೆ ತಾ. ಮುಗಿದಿದೆ.”